ಹೊರಗಿನ ಆಯಿಲ್ ಬಾಯ್ಲರ್ ಕೈಕೊಟ್ಟಾಗ: ರಿಸೆಟ್ ಒತ್ತುವ ಮೊದಲು ನೋಡಬೇಕಾದ್ದು

ಐರ್ಲೆಂಡ್, ಉತ್ತರ ಐರ್ಲೆಂಡ್ ಮತ್ತು ಬ್ರಿಟನ್ನಿನ ಹಳ್ಳಿ ಕಡೆ ಮನೆ ಮಾಡಿಕೊಂಡಿರುವ ನಮ್ಮವರಿಗೆ ಈ ಬರಹ. ಆಸ್ಪತ್ರೆ ಕೆಲಸಕ್ಕೆ, ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಬಂದವರು ಬಾಡಿಗೆ ಕಡಿಮೆ ಅಂತಲೋ, ಜಾಗ ಜಾಸ್ತಿ ಸಿಗುತ್ತದೆ ಅಂತಲೋ ಊರಾಚೆ ಮನೆ ಹಿಡಿಯುತ್ತಾರೆ. ಅಲ್ಲಿಗೆ ಗ್ಯಾಸ್ ಪೈಪ್ ಬಂದಿರುವುದಿಲ್ಲ. ಹಿತ್ತಲಲ್ಲಿ ಒಂದು ದೊಡ್ಡ ಹಸಿರು ಪ್ಲಾಸ್ಟಿಕ್ ಟ್ಯಾಂಕ್, ಗೋಡೆಗೆ ಒತ್ತಿಕೊಂಡು ಸೊಂಟದೆತ್ತರದ ಒಂದು ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಯೇ ಬಾಯ್ಲರ್. ಅದು ಉರಿಸುವುದು ಸೀಮೆಎಣ್ಣೆಯನ್ನು. ಮನೆಯ ರೇಡಿಯೇಟರ್, ಸ್ನಾನದ ಬಿಸಿನೀರು ಎರಡೂ ಅದರಿಂದಲೇ ನಡೆಯಬೇಕು.

ಇದು ಕೆಡುವುದು ಹೆಚ್ಚಾಗಿ ಚಳಿ ಬಿಗಿಯಾದಾಗಲೇ. ಬೇಸಿಗೆಯಲ್ಲಿ ಬಿಸಿನೀರಿಗೆ ಅಂತ ಸ್ವಲ್ಪ ಹೊತ್ತು ಓಡುತ್ತಿದ್ದದ್ದು ಈಗ ದಿನವಿಡೀ ಓಡಬೇಕು. ಎಣ್ಣೆ ಬೇಗ ಇಳಿಯುತ್ತದೆ. ಟ್ಯಾಂಕಿನ ತಳದಲ್ಲಿ ಸುಮ್ನೆ ಕೂತಿದ್ದ ನೀರು ಹೆಪ್ಪುಗಟ್ಟುತ್ತದೆ. ಟೆಕ್ನಿಷಿಯನ್‌ಗಳಿಗೂ ಅದೇ ವಾರ ಎಲ್ಲರೂ ಫೋನ್ ಮಾಡುತ್ತಾರೆ, ನಿಮ್ಮ ಸರದಿ ಬರಲು ಎರಡು ಮೂರು ದಿನ ಹಿಡಿಯಬಹುದು.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಕೆಂಪು ದೀಪ ಕಂಡ ಕೂಡಲೇ ರಿಸೆಟ್ ಬಟನ್ ಒತ್ತಬೇಡಿ. ಮೊದಲು ಸುತ್ತಮುತ್ತ ನೋಡಿ. ಆಮೇಲೆ ಒಂದು ಸಲ ಒತ್ತಿ, ಅಲ್ಲೇ ನಿಂತು ಕಿವಿಗೊಟ್ಟು ಕೇಳಿ. ಬಾಯ್ಲರ್ ಯಾವ ಹಂತಕ್ಕೆ ಬಂದು ನಿಲ್ಲುತ್ತದೆ ಅನ್ನುವುದರಲ್ಲೇ ಮುಕ್ಕಾಲು ಉತ್ತರ ಇರುತ್ತದೆ.

ಕೈ ಹಾಕಲೇಬಾರದ ಸಂದರ್ಭಗಳು

ಇದನ್ನು ಮೊದಲು ಓದಿ, ಉಳಿದದ್ದು ಆಮೇಲೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಹೊಡೆದುಕೊಂಡರೆ, ಮನೆಯಲ್ಲಿರುವವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ, ಬಾಯ್ಲರ್ ಹುಡುಕಲು ಹೋಗಬೇಡಿ. ಎಲ್ಲರೂ ಹೊರಗೆ ಬನ್ನಿ, ಬರುವಾಗ ಬಾಗಿಲು ಕಿಟಕಿ ತೆರೆದಿಡಿ, 999 ಅಥವಾ 112ಕ್ಕೆ ಫೋನ್ ಮಾಡಿ. ಬಾಯ್ಲರ್ ಹೊರಗಿದೆಯಲ್ಲ, ಮನೆಯೊಳಗೆ ಹೊಗೆ ಹೇಗೆ ಬರುತ್ತದೆ ಅಂತ ಕೆಲವರು ಕೇಳುತ್ತಾರೆ. ಹೊಗೆ ಹೋಗುವ ಫ್ಲೂ ಕೊಳವೆ ಎಷ್ಟೋ ಮನೆಗಳಲ್ಲಿ ಕಿಟಕಿಗೆ ಹತ್ತಿರವೇ ಇರುತ್ತದೆ. ಗಾಳಿ ಈ ಕಡೆ ತಿರುಗಿದರೆ ಸಾಕು. ಈ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಇಎನ್ 50291 ಗುರುತಿರುವ ಅಲಾರಂ ಒಂದನ್ನು ಮನೆಯೊಳಗೆ ಹಾಕಿಸಿಕೊಳ್ಳಿ.

ಫ್ಲೂ ಬಾಯಲ್ಲಿ ಕಪ್ಪು ಹೊಗೆ, ಪೆಟ್ಟಿಗೆ ಮೇಲೆ ಮಸಿ, ಹೊತ್ತಿಕೊಳ್ಳುವಾಗ 'ಧಡ್' ಅಂತ ದೊಡ್ಡ ಸದ್ದು. ಇವುಗಳಲ್ಲಿ ಯಾವುದಿದ್ದರೂ ಸ್ವಿಚ್ ಆಫ್ ಮಾಡಿ ಬಿಟ್ಟುಬಿಡಿ. ಅದು ಟೆಕ್ನಿಷಿಯನ್ ಕೆಲಸ.

ಎಣ್ಣೆ ಸೋರುತ್ತಿದ್ದರೆ ಟ್ಯಾಂಕಿನ ವಾಲ್ವ್ ಮುಚ್ಚಿ, ತೊಟ್ಟಿಕ್ಕುವಲ್ಲಿ ಬಕೆಟ್ ಇಡಿ, ನೆಲದ ಮೇಲೆ ಮರಳೋ ಮಣ್ಣೋ ಸುರಿಯಿರಿ. ನೀರು ಹಾಕಿ ತೊಳೆಯಬೇಡಿ. ತೊಳೆದರೆ ಅದು ಚರಂಡಿಗೋ ತೋಡಿಗೋ ಸೇರುತ್ತದೆ. ಐರ್ಲೆಂಡಿನ ಹಳ್ಳಿ ಮನೆಗಳಲ್ಲಿ ಎಷ್ಟೋ ಕಡೆ ಕುಡಿಯುವ ನೀರು ಸ್ವಂತ ಬಾವಿಯದ್ದು, ಸೀಮೆಎಣ್ಣೆ ಅಲ್ಲಿಗೆ ಇಳಿದರೆ ನಿಮ್ಮ ಬಾವಿ ಮಾತ್ರ ಅಲ್ಲ, ಪಕ್ಕದವರದ್ದೂ ಹಾಳು. ಉತ್ತರ ಐರ್ಲೆಂಡಿನಲ್ಲೂ ಇಂಗ್ಲೆಂಡಿನಲ್ಲೂ ಇದನ್ನು ತಿಳಿಸಲು 0800 80 70 60 ಅನ್ನುವ ಉಚಿತ ನಂಬರ್ ಇದೆ. ಐರ್ಲೆಂಡಿನಲ್ಲಾದರೆ ನಿಮ್ಮ ಕೌಂಟಿ ಕೌನ್ಸಿಲ್‌ಗೆ ತಿಳಿಸಿ.

ಬಾಯ್ಲರ್ ಹೊತ್ತಿಕೊಳ್ಳುವ ಬಗೆ

ಇದನ್ನು ಒಮ್ಮೆ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಮನೆಯೊಳಗಿನ ಟೈಮರ್ ಮತ್ತು ಥರ್ಮೋಸ್ಟಾಟ್ ಶಾಖ ಬೇಕು ಅಂದಾಗ ಬಾಯ್ಲರಿಗೆ ಕರೆಂಟ್ ಹೋಗುತ್ತದೆ. ಬಾಯ್ಲರಿನ ಹೊಟ್ಟೆಗೆ ಸಿಕ್ಕಿಸಿದ, ಕೈಯಲ್ಲಿ ಎತ್ತಬಹುದಾದಷ್ಟು ದೊಡ್ಡ ಯಂತ್ರವೇ ಬರ್ನರ್. ಇಲ್ಲಿನ ಹೆಚ್ಚಿನ ಬಾಯ್ಲರುಗಳಲ್ಲಿ ಅದು ಇಟಲಿಯ ರಿಯೆಲ್ಲೊ ಕಂಪನಿಯದ್ದು, ಹೊರಗಿನ ಪೆಟ್ಟಿಗೆ ಗ್ರಾಂಟ್, ಫೈರ್‌ಬರ್ಡ್, ವಾರ್ಮ್‌ಫ್ಲೋ ಯಾವುದೇ ಆಗಿರಲಿ. ಅದರ ಮೋಟರ್ ಒಂದೇ, ಕೆಲಸ ಎರಡು: ಫ್ಯಾನ್ ತಿರುಗಿಸುವುದು, ಎಣ್ಣೆಯ ಪಂಪ್ ತಿರುಗಿಸುವುದು. ಮೊದಲ ಹತ್ತು ಹನ್ನೆರಡು ಸೆಕೆಂಡ್ ಬರೀ ಗಾಳಿ ಊದುತ್ತದೆ, ಒಳಗೆ ಉಳಿದ ಆವಿಯನ್ನು ಹೊರಗೆ ತಳ್ಳಲು. ಜೊತೆಗೆ ಎರಡು ಕಡ್ಡಿಗಳ ನಡುವೆ ಚಿಟಿಚಿಟಿ ಅಂತ ಕಿಡಿ ಹಾರುತ್ತಿರುತ್ತದೆ. ಆಮೇಲೆ 'ಟಕ್' ಅಂತ ಒಂದು ಸದ್ದು. ಅದು ಸೊಲೆನಾಯ್ಡ್ ವಾಲ್ವ್ ತೆರೆದ ಸದ್ದು. ಎಣ್ಣೆ ಸಾಮಾನ್ಯವಾಗಿ 7ರಿಂದ 10 ಬಾರ್ ಒತ್ತಡದಲ್ಲಿ ನಾಜಲ್‌ನ ಸಣ್ಣ ತೂತಿನಿಂದ ಮಂಜಿನಂತೆ ಚಿಮ್ಮಿ ಹೊತ್ತಿಕೊಳ್ಳುತ್ತದೆ. ಕೂಡಲೇ ಸದ್ದು ಗಡುಸಾಗುತ್ತದೆ, ಬುರ್ ಅಂತ ಉರಿ ಕೇಳುತ್ತದೆ.

ಫೋಟೊಸೆಲ್ ಅನ್ನುವ ಬೆಳಕಿನ ಕಣ್ಣೊಂದು ಈ ಉರಿಯನ್ನೇ ನೋಡುತ್ತಿರುತ್ತದೆ. ಸುಮಾರು 5 ಸೆಕೆಂಡಿನೊಳಗೆ ಬೆಳಕು ಕಾಣದಿದ್ದರೆ ಕಂಟ್ರೋಲ್ ಬಾಕ್ಸ್ ಎಲ್ಲವನ್ನೂ ನಿಲ್ಲಿಸಿ ಕೆಂಪು ದೀಪ ಹಚ್ಚುತ್ತದೆ. ಇದಕ್ಕೆ ಲಾಕ್‌ಔಟ್ ಅನ್ನುತ್ತಾರೆ.

ಪ್ರತಿ ಸಲ ಉರಿ ಹೊತ್ತದೆ ಲಾಕ್‌ಔಟ್ ಆದಾಗ ಒಂದಿಷ್ಟು ಸುಡದ ಎಣ್ಣೆ ಒಳಗೆ ಬಿದ್ದಿರಬಹುದು. ನೀವು ಮತ್ತೆ ಮತ್ತೆ ರಿಸೆಟ್ ಒತ್ತಿದರೆ ಅದು ಸೇರುತ್ತಾ ಹೋಗುತ್ತದೆ. ಕೊನೆಗೆ ಒಂದು ಸಲ ಕಿಡಿ ಹತ್ತಿದಾಗ ಅಷ್ಟೂ ಒಟ್ಟಿಗೆ ಭಗ್ಗನೆ ಉರಿಯುತ್ತದೆ. ಬಾಗಿಲು ಹಾರಿದ್ದೂ ಇದೆ. ಅದಕ್ಕೇ ಹೇಳುವುದು: ಕಾರಣ ಗೊತ್ತಾಗದೆ ಎರಡಕ್ಕಿಂತ ಹೆಚ್ಚು ಸಲ ಒತ್ತಬಾರದು, ಎರಡರ ನಡುವೆ ಕೆಲವು ನಿಮಿಷ ಬಿಡಬೇಕು.

ಹೊರಗೆ ಹೋಗುವ ಮೊದಲು ಮನೆಯೊಳಗೆ

ಮಳೆಯಲ್ಲಿ ಜಾಕೆಟ್ ಹಾಕಿಕೊಂಡು ಹೊರಗೆ ಓಡುವ ಮೊದಲು ಐದು ನಿಮಿಷ ಒಳಗೇ ನೋಡಿ. ಬಾಯ್ಲರಿನಲ್ಲಿ ಸದ್ದೂ ಇಲ್ಲ, ಕೆಂಪು ದೀಪವೂ ಇಲ್ಲ ಅಂದರೆ ಕರೆಂಟೋ, ಟೈಮರಿನಿಂದ ಹೋಗುವ 'ಶಾಖ ಬೇಕು' ಅನ್ನುವ ಕರೆಯೋ ಅಲ್ಲಿಗೆ ತಲುಪುತ್ತಿಲ್ಲ ಅಂತ ಅರ್ಥ.

ಟೈಮರ್ ಸರಿಯಾದ ಗಂಟೆ ತೋರಿಸುತ್ತಿದೆಯಾ? ಕರೆಂಟ್ ಹೋಗಿ ಬಂದರೆ ಹಳೆ ಟೈಮರುಗಳು ಹಿಂದೆ ಬೀಳುತ್ತವೆ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದಲ್ಲ, ಆಗ ಟೈಮರನ್ನು ಮುಟ್ಟದೆ ಬಿಟ್ಟಿರುವವರು ಬಹಳ. ರೂಮ್ ಥರ್ಮೋಸ್ಟಾಟಿನ ಬ್ಯಾಟರಿ ಬದಲಾಯಿಸಿ, ಅದನ್ನು 25 ಡಿಗ್ರಿಗೆ ಏರಿಸಿ ನೋಡಿ.

ಆಮೇಲೆ ಬಾಯ್ಲರಿಗೆ ಕರೆಂಟ್ ಕೊಡುವ ಸ್ವಿಚ್. ಐರ್ಲೆಂಡಿನಲ್ಲಿ ಇದು ಸಾಮಾನ್ಯವಾಗಿ ಹಾಟ್ ಪ್ರೆಸ್ ಹತ್ತಿರ, ಅಂದರೆ ಬಿಸಿನೀರಿನ ಸಿಲಿಂಡರ್ ಇಟ್ಟು ಬಟ್ಟೆ ಒಣಗಿಸುವ ಕಪಾಟಿನ ಬಳಿ, ಇಲ್ಲವೇ ಅಡುಗೆಮನೆಯಲ್ಲಿ ಇರುತ್ತದೆ. ಇದರಲ್ಲೇ ಒಂದು ಸಣ್ಣ ಫ್ಯೂಸ್ ಇರುತ್ತದೆ, ಹೆಚ್ಚಾಗಿ 3 ಅಥವಾ 5 ಆಂಪಿಯರಿನದ್ದು. ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು, ಅದೇ ಅಳತೆಯ ಹೊಸದನ್ನು ಹಾಕಿ. ಹೊಸದೂ ಕೂಡಲೇ ಹೋದರೆ ಅಲ್ಲಿಗೆ ನಿಲ್ಲಿಸಿ. ಎಲ್ಲೋ ವೈರ್ ಶಾರ್ಟ್ ಆಗುತ್ತಿದೆ, ದೊಡ್ಡ ಫ್ಯೂಸ್ ಹಾಕಿ ನೋಡುವ ಆಸೆ ಬೇಡ. ಹೊರಗಿನ ಬಾಯ್ಲರಿನಲ್ಲಿ ಇದಕ್ಕೆ ಕಾರಣ ಹಲವು ಸಲ ತೇವ, ಕೆಲವು ಸಲ ಇಲಿ. ಚಳಿಗೆ ಇಲಿಗಳಿಗೆ ಬೆಚ್ಚನೆ ಜಾಗ ಬೇಕು, ಪೆಟ್ಟಿಗೆಯೊಳಗೆ ಹೊಕ್ಕು ವೈರಿನ ಸಿಪ್ಪೆ ಕಡಿಯುತ್ತವೆ.

ಮನೆಯೊಳಗೆ ರೇಡಿಯೇಟರ್ ನೀರಿನ ಒತ್ತಡ ತೋರಿಸುವ ಪ್ರೆಷರ್ ಗೇಜ್ ಇದ್ದರೆ ಅದನ್ನೂ ನೋಡಿ. ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಅರ್ಧ ಬಾರ್‌ಗಿಂತ ಕೆಳಗೆ ಇಳಿದಿದ್ದರೆ ಬೆಳ್ಳಿ ಬಣ್ಣದ ಹೆಣೆದ ಕೊಳವೆಯ ವಾಲ್ವನ್ನು ನಿಧಾನ ತೆರೆದು 1ರ ಮೇಲಕ್ಕೆ ತನ್ನಿ, ಮತ್ತೆ ಬಿಗಿಯಾಗಿ ಮುಚ್ಚಿ. ವಾರಕ್ಕೊಮ್ಮೆ ಹೀಗೆ ತುಂಬಿಸಬೇಕಾಗಿ ಬಂದರೆ ಎಲ್ಲೋ ನೀರು ಸೋರುತ್ತಿದೆ. ಅಟ್ಟದ ಮೇಲೆ ಸಣ್ಣ ನೀರಿನ ತೊಟ್ಟಿ ಇರುವ ಹಳೆ ಪದ್ಧತಿಯ ಮನೆಗಳಲ್ಲಿ ಈ ಗೇಜ್ ಇರುವುದಿಲ್ಲ.

ಒಳಗೆ ಎಲ್ಲ ಸರಿ ಇದೆ, ಆದರೂ ಬಾಯ್ಲರ್ ಮೌನ. ಆಗ ಹೊರಗೆ ಹೋಗಿ ಮೇಲಿನ ಮುಚ್ಚಳ ಎತ್ತಿ. ಅಲ್ಲೊಂದು ಸ್ವಿಚ್ ಇರಬಹುದು, ಸರ್ವಿಸ್ ಮಾಡಿದವರು ಆಫ್ ಮಾಡಿ ಮರೆತಿರಬಹುದು. ಅದರ ಪಕ್ಕದಲ್ಲೇ ಸಣ್ಣ ಕಪ್ಪು ಪ್ಲಾಸ್ಟಿಕ್ ಟೋಪಿ ಕಾಣುತ್ತದೆ. ತಿರುಗಿಸಿ ತೆಗೆದರೆ ಕೆಳಗೆ ಒಂದು ಬಟನ್. ಬಾಯ್ಲರಿನ ನೀರು ಸುಮಾರು 110 ಡಿಗ್ರಿಗೆ ಏರಿದಾಗ ಹಾರುವ ಓವರ್‌ಹೀಟ್ ಥರ್ಮೋಸ್ಟಾಟ್ ಅದು. ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ಒತ್ತಿ. 'ಕ್ಲಿಕ್' ಅಂದರೆ ಅದು ಹಾರಿತ್ತು ಅಂತ. ಮತ್ತೊಮ್ಮೆ ಹಾರಿದರೆ ನೀರು ಹರಿಯುತ್ತಿಲ್ಲ ಅಂತ ಲೆಕ್ಕ. ನೀರು ಸುತ್ತಿಸುವ ಪಂಪ್ ನಿಂತಿದೆ, ಇಲ್ಲವೇ ಗಾಳಿ ಕಟ್ಟಿದೆ, ಇಲ್ಲವೇ ಯಾವುದೋ ವಾಲ್ವ್ ಮುಚ್ಚಿದೆ.

ಮೋಟರ್ ತಿರುಗುತ್ತದೆ, ಉರಿ ಹೊತ್ತುವುದಿಲ್ಲ

ಚಳಿಗಾಲದಲ್ಲಿ ಹೆಚ್ಚಾಗಿ ಬರುವ ದೂರು ಇದು. ಫ್ಯಾನ್ ಸದ್ದು ಸರಿಯಾಗಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲ ನಿಂತು ಕೆಂಪು ದೀಪ. ಇಂಥದರಲ್ಲಿ ಮೊದಲ ಅನುಮಾನ ಎಣ್ಣೆಯ ದಾರಿಯ ಮೇಲೆ ಇರಲಿ. ಟ್ಯಾಂಕಿನಿಂದ ಶುರು ಮಾಡಿ ಬರ್ನರಿನವರೆಗೆ ನಡೆದು ನೋಡಿ.

ಟ್ಯಾಂಕಿನಲ್ಲಿ ಎಣ್ಣೆ ಇದೆಯಾ? ಮನೆಯೊಳಗಿನ ಮಾನಿಟರ್ ತೋರಿಸುವುದನ್ನು ನಂಬಬೇಡಿ, ಟ್ಯಾಂಕ್ ಮೇಲಿರುವ ಅದರ ಸೆನ್ಸರಿನ ಬ್ಯಾಟರಿ ಸತ್ತಿರಬಹುದು. ಪಕ್ಕದಲ್ಲಿ ನೇತಾಡುವ ಪಾರದರ್ಶಕ ಕೊಳವೆಯನ್ನು ಬರೀ ಕಣ್ಣಲ್ಲಿ ನೋಡಿದರೂ ಸಾಲದು. ಹಲವು ಟ್ಯಾಂಕುಗಳಲ್ಲಿ ಕೆಳಗಿನ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಸರಿಯಾದ ಮಟ್ಟ ತೋರಿಸುತ್ತದೆ, ಇಲ್ಲದಿದ್ದರೆ ಹಿಂದೆ ಯಾವಾಗಲೋ ಇದ್ದ ಮಟ್ಟವೇ ಹಾಗೇ ನಿಂತಿರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮೇಲಿನ ಮುಚ್ಚಳ ತೆಗೆದು ಒಂದು ಶುದ್ಧವಾದ ಮರದ ಕೋಲನ್ನು ಇಳಿಬಿಡುವುದು. ತಳದಲ್ಲಿ ನಾಲ್ಕು ಬೆರಳಷ್ಟು ಎಣ್ಣೆ ಇದ್ದರೂ ಬಾಯ್ಲರಿಗೆ ಸಿಗದಿರಬಹುದು, ಏಕೆಂದರೆ ಎಣ್ಣೆ ಹೊರಡುವ ಬಾಯಿಯನ್ನು ಕೆಸರು ಎಳೆಯದಂತೆ ತಳದಿಂದ ಸ್ವಲ್ಪ ಮೇಲೆ ಇಟ್ಟಿರುತ್ತಾರೆ.

ಎಣ್ಣೆ ಇದೆ ಅಂದರೆ ವಾಲ್ವ್ ನೋಡಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ತೋಟದಲ್ಲಿ ಆಡುವ ಮಕ್ಕಳು, ಹುಲ್ಲು ಕತ್ತರಿಸಲು ಬಂದವರು ಯಾರಾದರೂ ತಗುಲಿಸಿರಬಹುದು.

ವಾಲ್ವಿನ ಪಕ್ಕ ಒಂದು ಬಟ್ಟಲಿನಂಥ ಭಾಗ ನೇತಾಡುತ್ತಿರುತ್ತದೆ. ಅದೇ ಫಿಲ್ಟರ್. ನನ್ನ ಕೇಳಿದರೆ ಇಡೀ ಸಾಲಿನಲ್ಲಿ ಜನ ಅತಿ ಕಡಿಮೆ ಗಮನ ಕೊಡುವ, ಅತಿ ಹೆಚ್ಚು ತೊಂದರೆ ಕೊಡುವ ಜಾಗ ಇದು. ನೀರು ಸೀಮೆಎಣ್ಣೆಗಿಂತ ಭಾರ. ಟ್ಯಾಂಕಿನೊಳಗೆ ತೇವಾಂಶ ಇಬ್ಬನಿಯಾಗಿ ಇಳಿದದ್ದು, ಎಣ್ಣೆ ಹಾಕಿದವರು ಮುಚ್ಚಳ ಸರಿಯಾಗಿ ಮುಚ್ಚದೆ ಹೋದಾಗ ಸುರಿದ ಮಳೆ, ಎಲ್ಲವೂ ತಳಕ್ಕೆ ಹೋಗಿ ಅಲ್ಲಿಂದ ಈ ಬಟ್ಟಲಿಗೆ ಬರುತ್ತದೆ. ಪರಿಚಯದ ಒಂದು ಮನೆಯಲ್ಲಿ ಜನವರಿಯಲ್ಲಿ ಬಾಯ್ಲರ್ ನಿಂತಿತ್ತು. ಟ್ಯಾಂಕ್ ಅರ್ಧ ತುಂಬಿತ್ತು, ವಾಲ್ವ್ ತೆರೆದಿತ್ತು. ಟೆಕ್ನಿಷಿಯನ್ ಬಟ್ಟಲು ಬಿಚ್ಚಿದರೆ ಮೇಲೆ ತಿಳಿಯಾದ ಸೀಮೆಎಣ್ಣೆ, ಕೆಳಗೆ ಹೆಬ್ಬೆರಳು ದಪ್ಪದ ಐಸ್, ನಡುವೆ ಕಂದು ಕೆಸರಿನ ಒಂದು ಗೆರೆ. ಐಸ್ ಕಿತ್ತು ಹಾಕಿ, ಹೊಸ ಫಿಲ್ಟರ್ ಇಟ್ಟು, ಪೈಪಿನ ಗಾಳಿ ತೆಗೆದ ಮೇಲೆ ಬಾಯ್ಲರ್ ಮೊದಲ ಸಲಕ್ಕೇ ಹೊತ್ತಿಕೊಂಡಿತು.

2010ರ ಡಿಸೆಂಬರ್ 23ರಂದು ಉತ್ತರ ಐರ್ಲೆಂಡಿನ ಕ್ಯಾಸಲ್‌ಡರ್ಗ್‌ನಲ್ಲಿ ಮೈನಸ್ 18.7 ಡಿಗ್ರಿ ದಾಖಲಾಗಿತ್ತು. ಅಂಥ ಚಳಿಗೂ ಶುದ್ಧ ಸೀಮೆಎಣ್ಣೆ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗುವುದು ಅದರೊಳಗಿನ ನೀರು. ಹಾಗಾಗಿ ಹೆಪ್ಪುಗಟ್ಟುವ ಚಳಿ ಬಿದ್ದ ಮಾರನೇ ಬೆಳಿಗ್ಗೆಯೇ ಬಾಯ್ಲರ್ ನಿಂತಿದ್ದರೆ ಫಿಲ್ಟರ್ ಬಟ್ಟಲಿಗೆ ಬಿಸಿನೀರಿನ ಚೀಲ ಸುತ್ತಿ ಅರ್ಧ ಗಂಟೆ ಬಿಟ್ಟು ನೋಡಿ. ಬೆಂಕಿ ಕಡ್ಡಿ, ಬ್ಲೋ ಟಾರ್ಚ್ ಹತ್ತಿರ ತರಲೇಬೇಡಿ. ಇದರಿಂದ ಬಾಯ್ಲರ್ ಶುರುವಾದರೂ ನೀರು ಅಲ್ಲೇ ಇದೆ ಅನ್ನುವುದು ನೆನಪಿರಲಿ, ಅದನ್ನು ತೆಗೆಸಬೇಕು. ಟ್ಯಾಂಕಿನ ತಳದಲ್ಲಿ ಎಷ್ಟು ನೀರಿದೆ ಅಂತ ನೋಡಲು ಕೋಲಿನ ತುದಿಗೆ ಹಚ್ಚುವ ಒಂದು ಪೇಸ್ಟ್ ಸಿಗುತ್ತದೆ, ನೀರು ತಾಗಿದಷ್ಟು ಭಾಗದ ಬಣ್ಣ ಬದಲಾಗುತ್ತದೆ.

ಫಿಲ್ಟರಿನಿಂದ ಮುಂದೆ, ಪೈಪ್ ಬಾಯ್ಲರ್ ಹೊಕ್ಕುವ ಮೊದಲು ಫೈರ್ ವಾಲ್ವ್ ಇರುತ್ತದೆ. ತಾಮ್ರದ ತೆಳು ತಂತಿಯಂಥ ನಾಳ ಅದರಿಂದ ಬರ್ನರಿನ ಮೇಲ್ಭಾಗಕ್ಕೆ ಹೋಗಿರುತ್ತದೆ. ಪೆಟ್ಟಿಗೆಯೊಳಗೆ ಬೆಂಕಿ ಬಿದ್ದರೆ ಎಣ್ಣೆ ನಿಲ್ಲಿಸುವುದು ಇದರ ಕೆಲಸ. ಇದು ಮುಚ್ಚಿಕೊಂಡಿದ್ದರೆ, ಪಕ್ಕದಲ್ಲಿ ವೈರ್ ಕರಗಿದ್ದರೆ, ಮಸಿ ಇದ್ದರೆ, ರಿಸೆಟ್ ಮಾಡಬೇಡಿ. ಯಾವುದೋ ಬಿಸಿ ಅದನ್ನು ಮುಚ್ಚಿಸಿದೆ, ಆ ಬಿಸಿ ಎಲ್ಲಿಂದ ಬಂತು ಅಂತ ತಿಳಿಯಬೇಕು.

ಎಣ್ಣೆ ಪೂರ್ತಿ ಮುಗಿದು ಹೊಸದಾಗಿ ತುಂಬಿಸಿದ್ದರೆ ಬೇರೆಯೇ ಸಮಸ್ಯೆ. ಪೈಪಿನೊಳಗೆ ಗಾಳಿ ಸೇರಿರುತ್ತದೆ. ಟ್ಯಾಂಕರ್ ಬಂದಾಗ ಬಾಯ್ಲರ್ ಆಫ್ ಇರಲಿ, ತುಂಬಿಸಿದ ಮೇಲೂ ಒಂದೆರಡು ಗಂಟೆ ಬಿಡಿ, ಕದಡಿದ ಕೆಸರು ತಳ ಸೇರಲಿ. ಆಮೇಲೆ ಗಾಳಿ ತೆಗೆಯಬೇಕು. ಬರ್ನರಿನ ಪಂಪಿನಲ್ಲಿ ಅದಕ್ಕೊಂದು ಸ್ಕ್ರೂ ಇರುತ್ತದೆ, ರಿಯೆಲ್ಲೊದಲ್ಲಿ ಸಾಮಾನ್ಯವಾಗಿ 4 ಮಿಲಿಮೀಟರ್ ಅಲೆನ್ ಕೀ ಬೇಕು. ಇದನ್ನು ಮಾಡಿ ಅಭ್ಯಾಸ ಇರುವ ಮನೆಯವರಿದ್ದಾರೆ. ಆದರೆ ಬರ್ನರಿನ ಹೊದಿಕೆ ತೆಗೆದು, ಕರೆಂಟ್ ಇರುವಾಗಲೇ, ಎಣ್ಣೆ ಚಿಮ್ಮುವ ಜಾಗದಲ್ಲಿ ಕೈ ಇಡುವ ಕೆಲಸ ಅದು. ಮೊದಲ ಸಲ ಟೆಕ್ನಿಷಿಯನ್ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ ಅನ್ನುವುದೇ ನನ್ನ ಸಲಹೆ. ಇನ್ನೊಂದು ಮಾತು: ಪಂಪಿಗೆ ಕೀಲೆಣ್ಣೆಯೂ ಆ ಸೀಮೆಎಣ್ಣೆಯೇ. ಒಣಗಿದ ಪೈಪಿನ ಮೇಲೆ ಮತ್ತೆ ಮತ್ತೆ ಓಡಿಸಿದರೆ ಪಂಪೇ ಹೋಗುತ್ತದೆ.

ತುರ್ತಿಗೆ 20 ಲೀಟರಿನ ಕ್ಯಾನುಗಳಲ್ಲಿ ಹೀಟಿಂಗ್ ಆಯಿಲ್ ಮಾರುವ ಪೆಟ್ರೋಲ್ ಬಂಕುಗಳು ಐರ್ಲೆಂಡಿನ ಎರಡೂ ಕಡೆ ಇವೆ. ಟ್ಯಾಂಕರ್ ಬರುವವರೆಗೆ ಅದು ಸಾಕಾಗುತ್ತದೆ. ಕೆರೋಸಿನ್ ಅಂತಲೇ ಖಚಿತ ಮಾಡಿಕೊಂಡು ತನ್ನಿ.

ಎಣ್ಣೆಯ ದಾರಿ ಪೂರ್ತಿ ಸರಿ ಇದ್ದರೆ ಉಳಿದದ್ದು ಬರ್ನರಿನೊಳಗೆ. 'ಟಕ್' ಕೇಳಲೇ ಇಲ್ಲ ಅಂದರೆ ಸೊಲೆನಾಯ್ಡ್ ಕಾಯಿಲ್. 'ಟಕ್' ಕೇಳಿತು, ಹೊತ್ತಲಿಲ್ಲ ಅಂದರೆ ಕಿಡಿಯ ಕಡ್ಡಿ, ನಾಜಲ್, ಇಲ್ಲವೇ ಮೋಟರನ್ನೂ ಪಂಪನ್ನೂ ಸೇರಿಸುವ ಪ್ಲಾಸ್ಟಿಕ್ ಕಪ್ಲಿಂಗ್ ಮುರಿದಿರುವುದು. ನಾಜಲ್ ಅಂದಾಗ ನಮ್ಮವರಿಗೆ ಊರಿನ ಪಂಪ್ ಸ್ಟೌ ನೆನಪಾಗುತ್ತದೆ, ಕಟ್ಟಿಕೊಂಡರೆ ಪಿನ್ ಚುಚ್ಚಿದರಾಯಿತು ಅಂತ. ಇಲ್ಲಿ ಹಾಗೆ ಮಾಡಬಾರದು. ಈ ತೂತಿನ ಅಳತೆ, ಎಣ್ಣೆ ಚಿಮ್ಮುವ ಕೋನ ಎರಡೂ ಲೆಕ್ಕ ಹಾಕಿ ಮಾಡಿದ್ದು. ಪಿನ್ ತಾಗಿದರೆ ಉರಿ ಓರೆಯಾಗಿ ಮಸಿ ಕಟ್ಟುತ್ತದೆ. ವರ್ಷಕ್ಕೊಮ್ಮೆ ಹೊಸ ನಾಜಲ್ ಹಾಕಿಸುವುದೇ ಸರಿ.

ಮೋಟರ್ ತಿರುಗದೆ ಬರೀ ಗುಂಯ್ ಅನ್ನುತ್ತಿದ್ದರೆ ಕೂಡಲೇ ಆಫ್ ಮಾಡಿ. ಕೆಪಾಸಿಟರ್ ಹೋಗಿರಬಹುದು, ಪಂಪ್ ಹಿಡಿದುಕೊಂಡಿರಬಹುದು.

ಹೊತ್ತಿಕೊಳ್ಳುತ್ತದೆ, ಆರಿಹೋಗುತ್ತದೆ

ಹೊತ್ತಿ ಕೆಲವೇ ಸೆಕೆಂಡಿಗೆ ಆರಿದರೆ ಫೋಟೊಸೆಲ್ ಮಸಿ ಹಿಡಿದಿದೆ, ಅಥವಾ ಎಣ್ಣೆಯಲ್ಲಿ ಗಾಳಿಯ ಗುಳ್ಳೆಗಳಿವೆ. ಫೋಟೊಸೆಲ್ ಒರೆಸಿದರೆ ಸರಿಯಾಗುತ್ತದೆ, ಆದರೆ ಮಸಿ ಬಂದದ್ದು ಏಕೆ ಅನ್ನುವ ಪ್ರಶ್ನೆ ಉಳಿಯುತ್ತದೆ. ಉರಿ ಕೆಟ್ಟಿದ್ದರೇ ಮಸಿ ಬರುವುದು.

ಕಾಲು ಗಂಟೆ, ಅರ್ಧ ಗಂಟೆ ಓಡಿ ನಿಲ್ಲುವುದು ಬೇರೆ. ಎಣ್ಣೆ ಸಾಕಷ್ಟು ಬೇಗ ಬರುತ್ತಿಲ್ಲ, ಫಿಲ್ಟರ್ ಅರ್ಧ ಕಟ್ಟಿಕೊಂಡಿದೆ ಅಂತ ಹೆಚ್ಚಾಗಿ. ಫ್ಲೂ ಬಾಯಿಗೆ ಬಳ್ಳಿ ಬೆಳೆದಿದ್ದರೂ, ಹಿಮ ರಾಶಿ ಬಿದ್ದಿದ್ದರೂ ಹೀಗೇ ಆಗುತ್ತದೆ, ಉರಿಗೆ ತನ್ನದೇ ಹೊಗೆ ವಾಪಸ್ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಟಾರ್ಪಾಲ್ ಹೊದಿಸಿ ಬೆಚ್ಚಗಿಡುವವರೂ ಇದ್ದಾರೆ. ದಯವಿಟ್ಟು ಬೇಡ, ಅದಕ್ಕೆ ಗಾಳಿ ಬೇಕು.

ಹೊಸ ಬಾಯ್ಲರಿನ ಬಿಳಿ ಪೈಪ್

ಇಂಗ್ಲೆಂಡ್, ವೇಲ್ಸ್‌ನಲ್ಲಿ 2007ರ ಏಪ್ರಿಲ್ ನಂತರ ಹಾಕಿದ ಆಯಿಲ್ ಬಾಯ್ಲರುಗಳು ಬಹುತೇಕ ಕಂಡೆನ್ಸಿಂಗ್ ಬಗೆಯವು. ಐರ್ಲೆಂಡಿನ ಹೊಸ ಬಾಯ್ಲರುಗಳೂ ಹಾಗೆಯೇ. ಹೊಗೆಯ ಶಾಖವನ್ನೂ ಇವು ಹೀರಿಕೊಳ್ಳುತ್ತವೆ, ಹೊಗೆಯೊಳಗಿನ ಆವಿ ನೀರಾಗಿ ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕುತ್ತದೆ. ಆ ನೀರು ಹುಳಿ, ಮುಟ್ಟಿದರೆ ಕೈ ತೊಳೆದುಕೊಳ್ಳಿ. ಪೈಪ್ ಹೆಪ್ಪುಗಟ್ಟಿದರೆ ನೀರು ಹಿಂದಕ್ಕೆ ತುಂಬಿ ಬಾಯ್ಲರ್ ನಿಲ್ಲುತ್ತದೆ, ಒಳಗಿನಿಂದ ಗುಳುಗುಳು ಸದ್ದು ಬರುತ್ತದೆ. ಪೈಪಿನ ತಿರುವು ಮತ್ತು ತೆರೆದ ತುದಿಯಲ್ಲಿ ಬೆಚ್ಚನೆ ನೀರು ಸುರಿಯಿರಿ. ಕುದಿಯುವ ನೀರು ಬೇಡ, ಪೈಪ್ ಬಿರಿಯುತ್ತದೆ. ಸುರಿದ ನೀರು ನಡೆದಾಡುವ ದಾರಿಯಲ್ಲಿ ಮತ್ತೆ ಐಸ್ ಆಗುತ್ತದೆ, ಉಪ್ಪು ಹಾಕಿ. ನೀರು ಹರಿಯತೊಡಗಿದ ಮೇಲೆ ಒಮ್ಮೆ ರಿಸೆಟ್ ಒತ್ತಿ.

ಬಾಯ್ಲರ್ ಬಿಸಿ, ಮನೆ ತಣ್ಣಗೆ

ಇಲ್ಲಿ ಬರ್ನರಿನ ತಪ್ಪಿಲ್ಲ. ಬಾಯ್ಲರಿನಿಂದ ಹೊರಡುವ ಪೈಪ್ ಮುಟ್ಟಲಾಗದಷ್ಟು ಬಿಸಿ, ರೇಡಿಯೇಟರ್ ತಣ್ಣಗೆ ಅಂದರೆ ನೀರು ಸುತ್ತುತ್ತಿಲ್ಲ. ನೀರು ಸುತ್ತಿಸುವ ಪಂಪಿನ ಮೇಲೆ ಕೈಯಿಟ್ಟು ಸಣ್ಣ ನಡುಕ ಇದೆಯಾ ನೋಡಿ. ಸ್ನಾನಕ್ಕೆ ಬಿಸಿನೀರು ಬರುತ್ತದೆ, ರೇಡಿಯೇಟರ್ ಮಾತ್ರ ಬಿಸಿಯಾಗುತ್ತಿಲ್ಲ ಅಂದರೆ ಹಾಟ್ ಪ್ರೆಸ್‌ನಲ್ಲಿರುವ ಮೋಟರ್ ವಾಲ್ವ್ ಸಿಕ್ಕಿಕೊಂಡಿರುವುದೇ ಹೆಚ್ಚು. ಅದರ ಪಕ್ಕದ ಪುಟ್ಟ ಲಿವರನ್ನು ಕೈಯಲ್ಲಿ ತಳ್ಳಿ 'ಮ್ಯಾನ್ಯುಯಲ್' ಕಡೆ ಸಿಕ್ಕಿಸಿದರೆ ರಿಪೇರಿ ಆಗುವವರೆಗೆ ದಿನ ತಳ್ಳಬಹುದು. ಒಂದೇ ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದರೆ ಅದರೊಳಗೆ ಗಾಳಿ. ರೇಡಿಯೇಟರ್ ಕೀ ಹಾಕಿ ಗಾಳಿ ಹೊರಗೆ ಬಿಡಿ, ನೀರು ಬಂದ ಕೂಡಲೇ ಮುಚ್ಚಿ.

ಕಾಯುವ ದಿನಗಳು, ಫೋನಿನಲ್ಲಿ ಹೇಳಬೇಕಾದ್ದು

ಬಿಸಿನೀರಿಗೆ ಸಿಲಿಂಡರಿನ ಇಮ್ಮರ್ಶನ್ ಸ್ವಿಚ್ ಇದೆಯಲ್ಲ, ಅದನ್ನು ಹಾಕಿಕೊಳ್ಳಿ. ರೂಮಿಗೆ ಕರೆಂಟ್ ಹೀಟರ್ ಇಟ್ಟರೆ ನೇರ ಗೋಡೆಯ ಪ್ಲಗ್ಗಿಗೆ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ. ಇದ್ದಿಲಿನ ಒಲೆಯನ್ನಾಗಲಿ ಬಾರ್ಬೆಕ್ಯೂವನ್ನಾಗಲಿ ಮನೆಯೊಳಗೆ ತರಲೇಬೇಡಿ. ಇಲ್ಲಿನ ಮನೆಗಳು ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿರುತ್ತವೆ, ಒಂದೇ ರಾತ್ರಿಯಲ್ಲಿ ಜೀವ ಹೋಗುತ್ತದೆ.

ಗ್ಯಾಸ್ ಕೆಲಸ ಮಾಡುವವರಿಗೆಲ್ಲ ಆಯಿಲ್ ಬಾಯ್ಲರ್ ಗೊತ್ತಿರುವುದಿಲ್ಲ. ಆಯಿಲ್ ಬಾಯ್ಲರ್ ಟೆಕ್ನಿಷಿಯನ್‌ಗಳನ್ನು ನೋಂದಾಯಿಸುವ ಆಫ್‌ಟೆಕ್ ಸಂಸ್ಥೆಯ ನೋಂದಣಿ ಇರುವವರನ್ನು ಕೇಳಿ. ಬ್ರಿಟನ್, ಐರ್ಲೆಂಡ್ ಎರಡೂ ಕಡೆ ಅದು ನಡೆಯುತ್ತದೆ, ಅವರ ವೆಬ್‌ಸೈಟಿನಲ್ಲಿ ನಿಮ್ಮ ಊರಿನ ಹೆಸರು ಹಾಕಿ ಹುಡುಕಬಹುದು. ಫೋನಿನಲ್ಲಿ 'ಬಾಯ್ಲರ್ ಕೆಟ್ಟಿದೆ' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಬಾಯ್ಲರಿನ ಮತ್ತು ಬರ್ನರಿನ ಹೆಸರು, ಟ್ಯಾಂಕಿನ ಮಟ್ಟ, ಕೆಂಪು ದೀಪ ಇದೆಯೋ ಇಲ್ಲವೋ, ರಿಸೆಟ್ ಒತ್ತಿದಾಗ ಫ್ಯಾನ್ ಎಷ್ಟು ಸೆಕೆಂಡ್ ಓಡಿತು, 'ಟಕ್' ಕೇಳಿತೋ ಇಲ್ಲವೋ, ಉರಿ ಬಂತೋ ಇಲ್ಲವೋ, ಹೋದ ಸರ್ವಿಸ್ ಯಾವಾಗ ಆಯಿತು. ಇಷ್ಟು ಹೇಳಿದರೆ ಬೇಕಾದ ಭಾಗ ಗಾಡಿಯಲ್ಲಿ ಹಾಕಿಕೊಂಡೇ ಬರುತ್ತಾರೆ, ಎರಡನೇ ಸಲ ಬರುವ ಖರ್ಚು ಉಳಿಯುತ್ತದೆ. ರಿಸೆಟ್ ಒತ್ತುವಾಗ ಫೋನಿನಲ್ಲಿ ಸದ್ದಿನ ವಿಡಿಯೊ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು.

ಬಾಡಿಗೆ ಮನೆಯಾದರೆ ಮೊದಲು ಓನರ್‌ಗೆ ಅಥವಾ ಏಜೆಂಟರಿಗೆ ಹೇಳಿ, ಬರಹದಲ್ಲಿ. ಮೆಸೇಜೋ ಇಮೇಲೋ, ತಾರೀಖು ಉಳಿಯುವಂತಿರಲಿ. ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಐರ್ಲೆಂಡಿನಲ್ಲಿ 2019ರ ಬಾಡಿಗೆ ಮನೆ ನಿಯಮಗಳ ಪ್ರಕಾರ ಹೀಟಿಂಗ್ ಸರಿಯಿಡುವುದು ಓನರ್ ಹೊಣೆ. ಹೊಸಬರು ಕೇಳಲು ಸಂಕೋಚ ಪಡುತ್ತಾರೆ, ಮನೆ ಬಿಡಿಸಿಬಿಟ್ಟರೆ ಅಂತ ಹೆದರುತ್ತಾರೆ. ಮಕ್ಕಳಿರುವ ಮನೆಯಲ್ಲಿ ಸುಮ್ಮನೆ ಚಳಿ ಸಹಿಸಿಕೊಂಡು ಕೂರಬೇಡಿ. ಎಣ್ಣೆ ಮುಗಿಸಿಕೊಂಡು ಗಾಳಿ ತೆಗೆಸಲು ಕರೆದರೆ ಮಾತ್ರ ಆ ಬಿಲ್ ನಿಮ್ಮ ಮೇಲೆ ಬರಬಹುದು.

ವರ್ಷಕ್ಕೊಮ್ಮೆ ಸರ್ವಿಸ್ ಆಗಲೇಬೇಕು, ಸೆಪ್ಟೆಂಬರಿನೊಳಗೆ ಆದರೆ ಒಳ್ಳೆಯದು. ನಾಜಲ್, ಬರ್ನರಿಗೆ ಹೋಗುವ ಮೆತ್ತನೆ ಹೋಸ್ ಬದಲಾಯಿಸಿ, ಫಿಲ್ಟರ್ ನೋಡಿ, ಹೊಗೆಯನ್ನು ಮೀಟರಿನಲ್ಲಿ ಅಳೆದು ಬರೆದುಕೊಡಬೇಕು. ಆಫ್‌ಟೆಕ್ ಟೆಕ್ನಿಷಿಯನ್ ಆದರೆ ಸಿಡಿ/11 ಅನ್ನುವ ಫಾರಂ ತುಂಬಿಕೊಡುತ್ತಾರೆ, ಕೇಳಿ ಇಟ್ಟುಕೊಳ್ಳಿ. ಅಳತೆ ಮಾಡದೆ, ಒಳಗೆ ಗುಡಿಸಿ ಹೊರಟರೆ ಅದು ಸರ್ವಿಸ್ ಅಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೊರಟಾಗ

ಕ್ರಿಸ್‌ಮಸ್ ರಜೆಗೆ ಬೆಂಗಳೂರಿಗೋ ಮಂಗಳೂರಿಗೋ ಮೂರು ನಾಲ್ಕು ವಾರ ಹೋಗುವವರು ಎಣ್ಣೆ ಉಳಿಯಲಿ ಅಂತ ಬಾಯ್ಲರಿನ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ ಹೊರಡುತ್ತಾರೆ. ಹಾಗೆ ಮಾಡಬೇಡಿ. ಹೊರಗಿನ ಬಾಯ್ಲರಿನಲ್ಲಿ ಸಾಮಾನ್ಯವಾಗಿ ಒಂದು ಫ್ರಾಸ್ಟ್ ಥರ್ಮೋಸ್ಟಾಟ್ ಇರುತ್ತದೆ. ಪೆಟ್ಟಿಗೆಯೊಳಗಿನ ಉಷ್ಣಾಂಶ 4, 5 ಡಿಗ್ರಿಗೆ ಇಳಿದಾಗ, ಟೈಮರ್ ಏನೇ ಹೇಳಲಿ, ಅದು ಬಾಯ್ಲರನ್ನು ಶುರು ಮಾಡಿ ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ. ಕರೆಂಟ್ ಇಲ್ಲದೆ ಅದು ಏನೂ ಮಾಡಲಾರದು. ಟೈಮರನ್ನು ನಿರಂತರಕ್ಕೆ ಇಟ್ಟು, ರೂಮ್ ಥರ್ಮೋಸ್ಟಾಟನ್ನು 10, 12 ಡಿಗ್ರಿಗೆ ಇಳಿಸಿ ಹೋಗಿ. ಹೊರಡುವ ಮೊದಲು ಕೋಲಿಳಿಸಿ ಎಣ್ಣೆ ಅಳೆಯಿರಿ, ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದರೆ ತುಂಬಿಸಿ. ಮನೆ ಇನ್ಶೂರೆನ್ಸ್ ಇದ್ದರೆ ಚಳಿಗಾಲದಲ್ಲಿ ಖಾಲಿ ಬಿಡುವ ಬಗ್ಗೆ ಅದರಲ್ಲಿ ಏನು ಬರೆದಿದೆ ಓದಿ. ಪಕ್ಕದ ಮನೆಯವರಿಗೆ ಒಂದು ಕೀ ಕೊಟ್ಟು, ಟ್ಯಾಂಕಿನ ವಾಲ್ವ್ ಎಲ್ಲಿದೆ, ನೀರಿನ ಮೇನ್ ಎಲ್ಲಿ ಮುಚ್ಚಬೇಕು ಅಂತ ತೋರಿಸಿ, ವಾರಕ್ಕೊಮ್ಮೆ ಒಳಗೆ ಬಂದು ರೇಡಿಯೇಟರ್ ಮುಟ್ಟಿ ನೋಡಲು ಹೇಳಿ.